ಮೂತಿ ಗಾಡಿ

"ಇನ್ನೊಂದ್ಚೂರು ಬಿಡು... ಇನ್ನೊಂದ್ಚೂರು... ಸಾಕು, ನಿಲ್ಸು," ಅಂದ ಮುನಿಕೃಷ್ಣಪ್ಪ ಕೆಳಗಿನಿಂದ.

ಹೊಸ ಚಾಸಿಯ ಅಡಿಯಲ್ಲಿ ಗೋಣಿತಾಟು ಹಾಸಿಕೊಂಡು ಅವನು ಅಂಗಾತ ಮಲಗಿದ್ದ. ಅವನ ಮೂಗಿನಿಂದ ಎರಡು ಮೊಳ ಮೇಲೆ, ಭಾರ ಎತ್ತುವ ಚೈನ್ ಬ್ಲಾಕಿಗೆ ನೇತುಬಿದ್ದು, ಅವನ ಹಳೆಯ ಲಾರಿಯ ಮೈ ಸಣ್ಣಗೆ ತೂಗುತ್ತಿತ್ತು. ಎಂಜಿನ್ನಿಲ್ಲ, ಚಕ್ರವಿಲ್ಲ, ಬರೀ ಮೈ: ಉದ್ದನೆಯ ಮೂತಿ, ಗುಂಡಗಿನ ಮಡ್‌ಗಾರ್ಡು, ಇಬ್ಬರೇ ಕೂರಬಹುದಾದ ಕ್ಯಾಬಿನ್ನು, ಅದರ ಹಿಂದೆ ದಪ್ಪ ತಗಡಿನ ಹಾಸು. ಅರವತ್ತಾರು ವರ್ಷದ ಮನುಷ್ಯ ಅಷ್ಟು ಭಾರದ ಕೆಳಗೆ ಮಲಗಬಾರದೆಂದು ವೆಲ್ಡರ್ ಇನಾಯತ್ ಬೆಳಗಿನಿಂದ ನಾಲ್ಕು ಸಲ ಹೇಳಿದ್ದ. ಮುನಿಕೃಷ್ಣಪ್ಪ ನಾಲ್ಕೂ ಸಲ ಕಿವುಡನಾಗಿದ್ದ.

"ಕೂತ್ಕೊಂತಾ ಅಣ್ಣಾ?" ಎಂದು ಚೈನು ಹಿಡಿದಿದ್ದ ಜಗನ್ ಕೇಳಿದ. ಗ್ಯಾರೇಜು ಅವನದು. ರಾಮಮೂರ್ತಿ ನಗರದ ಬಾಡಿಗೆ ಮನೆಗಳ ಸಾಲು ಮುಗಿಯುವ ಕಡೆ, ಮೇಲೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು.

"ಮುಂದಿನ ನಾಲ್ಕು ಪಾಯಿಂಟೂ ಕೂತವೆ ಕಣೋ. ರಬ್ಬರ್ ಮೇಲೆ ಹೂ ಇಟ್ಟಂಗೆ ಕೂತವೆ."

"ಹಿಂದಿಂದು ನಾನ್ ನೋಡ್ಕೊಂತೀನಿ. ನೀನು ಎದ್ದು ಬಾ, ಟೀ ಆರೋಗ್ತದೆ."

ಮುನಿಕೃಷ್ಣಪ್ಪ ತೆವಳಿಕೊಂಡು ಈಚೆ ಬಂದು, ಎದ್ದು ನಿಂತು, ನಾಲ್ಕು ತಿಂಗಳಿನಿಂದ ಕನಸಿನಲ್ಲಿ ಮಾತ್ರ ಕಂಡದ್ದನ್ನು ಕಣ್ಣಾರೆ ನೋಡಿದ. ಮೂತಿ ಗಾಡಿ ಮತ್ತೆ ನಾಲ್ಕು ಚಕ್ರದ ಮೇಲೆ ನಿಂತಿತ್ತು. ಲೋಟ ಎತ್ತಿಕೊಂಡು, ಟೀಯಲ್ಲಿ ಸಕ್ಕರೆ ಜಾಸ್ತಿಯಾಯಿತೆಂದು ಬೈದ.

ಹಲಸೂರಿನಿಂದ ಕೆ.ಆರ್. ಪುರದವರೆಗೆ ಆ ಲಾರಿಗೆ ಮೂತಿ ಗಾಡಿ ಎಂದೇ ಹೆಸರು. ಹಳೇ ಮದ್ರಾಸು ರಸ್ತೆಯಲ್ಲಿ ಕೆಟ್ಟು ನಿಂತ ಎಷ್ಟೋ ಕಾರು, ಟೆಂಪೊ, ಒಮ್ಮೊಮ್ಮೆ ಬಸ್ಸು ಕೂಡ ಅದರ ಬೆನ್ನ ಕೊಕ್ಕೆಗೆ ಸಿಕ್ಕಿ ಗ್ಯಾರೇಜು ಸೇರಿವೆ. ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ 'ಮುನಿಕೃಷ್ಣಪ್ಪ ಬ್ರೇಕ್‌ಡೌನ್ ಸರ್ವಿಸ್, ಹಲಸೂರು' ಎಂಬ ಬರಹ. ಅದರ ಕೆಳಗೆ, ಈಗ ಯಾರು ತಿರುಗಿಸಿದರೂ ಎಲ್ಲಿಗೂ ಹೋಗದ ಆರಂಕಿಯ ಫೋನ್ ನಂಬರು. ಹೋದ ವರ್ಷ ಆರ್‌ಟಿಓಗೆ ಫಿಟ್‌ನೆಸ್ ಪರೀಕ್ಷೆಗೆ ಒಯ್ದಾಗ ಇನ್‌ಸ್ಪೆಕ್ಟರು ಚಾಸಿಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಬಡಿದ. ಸುತ್ತಿಗೆ ಒಳಗೆ ಹೋಯಿತು. ಅವನು ಸುತ್ತಿಗೆಯನ್ನು ಕಿತ್ತುಕೊಂಡು, ಫೇಲ್ ಎಂದು ಬರೆದು ಮುಂದಿನ ಗಾಡಿಗೆ ಹೋದ. ಅಲ್ಲಿಂದ ಹನ್ನೊಂದು ತಿಂಗಳು ಲಾರಿ ಮನೆಯ ಮುಂದೆ ನಿಂತಿತು, ಅದರ ಪಕ್ಕ ಕುರ್ಚಿ ಹಾಕಿಕೊಂಡು ಮುನಿಕೃಷ್ಣಪ್ಪ ಕೂತ. ರಸ್ತೆಯಲ್ಲಿ ಯಾರದಾದರೂ ಎಂಜಿನ್ನು ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದ, ಮತ್ತೆ ಕೂರುತ್ತಿದ್ದ.

ಹೀಗಿರುವಾಗ ಬಂದವನು ಜಗನ್. ಇಪ್ಪತ್ತೆರಡು ವರ್ಷ ಮುನಿಕೃಷ್ಣಪ್ಪನ ಜೊತೆ ಅದೇ ಲಾರಿಯಲ್ಲಿ ದುಡಿದು, ಆಮೇಲೆ ಸ್ವಂತ ಗ್ಯಾರೇಜು ತೆರೆದವನು. "ಚಾಸಿ ಸತ್ತಿದೆ ಅಣ್ಣಾ, ಮೈ ಸತ್ತಿಲ್ಲ. ನನ್ ಹತ್ರ ಆರು ವರ್ಷದ್ದು ಒಂದು ಗಾಡಿ ಐತೆ. ಹೊಸಕೋಟೆ ಹತ್ರ ಆಕ್ಸಿಡೆಂಟಾಗಿ ಕ್ಯಾಬಿನ್ ಪೂರ್ತಿ ಅಪ್ಪಚ್ಚಿ. ಚಾಸಿ ಮಾತ್ರ ದಾರ ಹಿಡಿದಂಗೆ ನೆಟ್ಟಗಿದೆ. ಅದರ ಮೇಲೆ ನಮ್ ಮೈ ಕೂರ್ಸಿದ್ರೆ ಇನ್ನಿಪ್ಪತ್ತು ವರ್ಷ ಎಳೀತದೆ," ಅಂದ.

ಎಳೀತದೆ ಎಂಬ ಒಂದೇ ಮಾತು ಮುನಿಕೃಷ್ಣಪ್ಪನಿಗೆ ಕೇಳಿಸಿದ್ದು. ಹೊಸ ಚಾಸಿಯ ಕಾಗದ ಜಗನ್‌ನ ಹೆಸರಿನಲ್ಲಿತ್ತು. ಕೆಲಸ ಮುಗಿದ ಮೇಲೆ ನಿನ್ನ ಹೆಸರಿಗೆ ಮಾಡಿಸೋಣ ಅಂದ, ಇವನು ಹೂಂ ಅಂದ. ಹಳೆಯ ಗಾಡಿಯನ್ನು ಸರ್ಕಾರದ ಲೆಕ್ಕದಿಂದ ತೆಗೆಸಬೇಕಾದರೆ ಚಾಸಿ ನಂಬರು ಕೊರೆದ ಅಂಗೈಯಗಲದ ಕಬ್ಬಿಣವನ್ನು ಕತ್ತರಿಸಿ ಆರ್‌ಟಿಓಗೆ ಒಪ್ಪಿಸಬೇಕು. ಅದನ್ನೂ ಮುನಿಕೃಷ್ಣಪ್ಪ ತಾನೇ ಗ್ಯಾಸ್ ಕಟರ್ ಹಿಡಿದು ಕತ್ತರಿಸಿ, ನೀರಲ್ಲಿ ಅದ್ದಿ ಆರಿಸಿ, ಪೇಪರಿನಲ್ಲಿ ಸುತ್ತಿ ಜಗನ್‌ನ ಕೈಗೆ ಕೊಟ್ಟ. ಕಾಗದದ ಮಟ್ಟಿಗೆ ಅವನ ಗಾಡಿ ಅವತ್ತೇ ಇಲ್ಲವಾಯಿತು. ರೇಷನ್ ಕಾರ್ಡಿನ ಜೆರಾಕ್ಸ್ ಕೊಡುವಾಗಲೂ ಯಾಕೆ ಏನು ಎಂದು ಕೆದಕಿ ಕೇಳುವ ಮನುಷ್ಯ ಇದನ್ನು ಮಾತ್ರ ಸೊಲ್ಲೆತ್ತದೆ ಕೊಟ್ಟ. ಜಗನ್‌ನಲ್ಲಿ ಕೇಳುವುದೇನಿದೆ?

ನಾಲ್ಕು ತಿಂಗಳು ಅವನು ದಿನಾ ಬೆಳಗ್ಗೆ ಹಲಸೂರಿನಲ್ಲಿ ಮೆಟ್ರೊ ಹತ್ತಿ ಬೆನ್ನಿಗಾನಹಳ್ಳಿಯಲ್ಲಿ ಇಳಿದ. ತಾನು ಇಂಚಿಂಚೂ ಬಲ್ಲ ರಸ್ತೆಯನ್ನು ಮೇಲಿಂದ ನೋಡುತ್ತ, ಎಲ್ಲಿ ಯಾವ ಗಾಡಿ ಕೆಟ್ಟು ನಿಂತಿದೆಯೆಂದು ಗುರುತಿಸುತ್ತ ಹೋಗುತ್ತಿದ್ದ. ಕೆಲಸವೇನೂ ಸಲೀಸಾಗಿರಲಿಲ್ಲ. ಹೊಸ ಚಾಸಿ ಹಳೆಯ ಮೈಗಿಂತ ಒಂದೂವರೆ ಗೇಣು ಉದ್ದ. ಹಿಂದಿನ ಚಕ್ರ ಮಡ್‌ಗಾರ್ಡಿನ ಕೆಳಗೆ ಬಾರದೆ ಹಟ ಹಿಡಿಯಿತು. ಹಾಸನ್ನು ಕೊಯ್ದು, ನಡುವೆ ತಗಡು ಸೇರಿಸಿ, ಇನಾಯತ್‌ನಿಂದ ಬೆಸುಗೆ ಹಾಕಿಸಿದರು. ಸ್ಟೀರಿಂಗ್ ಕೋಲಿಗೆ ಎರಡು ಕಡೆ ಮಣಿಗಂಟಿನಂಥ ಕೀಲು ಕೊಟ್ಟು ತಿರುಗಿಸಿದರು. ಎಂಜಿನ್ನಿನ ಬುದ್ಧಿಯೆಲ್ಲ ಒಂದು ಕಪ್ಪು ಡಬ್ಬಿಯಲ್ಲಿದೆ, ಅದಕ್ಕೆ ನೀರು ತಾಗಬಾರದು ಎಂದು ಜಗನ್ ಹೇಳಿದಾಗ ಮುನಿಕೃಷ್ಣಪ್ಪ ಅದನ್ನು ತನ್ನ ಸೀಟಿನ ಕೆಳಗೇ ಕೂರಿಸಿ, ಮೇಲೊಂದು ಕುಂಕುಮ ಇಟ್ಟ.

ಒಂದು ವಿಷಯ ಮಾತ್ರ ಅವನಿಗೆ ಬಗೆಹರಿಯಲಿಲ್ಲ. ಬಾಗಿಲು, ಮೂತಿಗಳ ಮೇಲಿನ ತುಕ್ಕನ್ನು ಉಜ್ಜಲು ಹೊರಟಾಗ ಜಗನ್ ಕೈ ಹಿಡಿದ. "ತುಕ್ಕು ಹಂಗೇ ಇರ್ಲಿ ಅಣ್ಣಾ. ನಿನ್ ಹೆಸರೂ ಹಂಗೇ ಇರ್ಲಿ. ಮೇಲೆ ಬಣ್ಣ ಇಲ್ದಿರೋ ಕ್ಲಿಯರ್ ಕೋಟ್ ಹೊಡೆದ್ಬಿಡೋಣ, ಅದೇ ಚಂದ." ತುಕ್ಕನ್ನು ಯಾರಾದರೂ ಕಾಪಾಡಿ ಇಡುತ್ತಾರೆಯೇ? ಆದರೂ ತನ್ನ ಹೆಸರಿನ ಮೇಲೆ ಇವನಿಗೆ ಇಷ್ಟು ಅಕ್ಕರೆ ಇದೆಯಲ್ಲ ಎಂದು ಒಳಗೊಳಗೇ ಉಬ್ಬಿ ಸುಮ್ಮನಾದ.

ಮೈ ಕೂತ ದಿನವೇ, ಊಟವಾದ ಮೇಲೆ, ಹಾಸಿನ ಮೇಲೆ ಕ್ರೇನಿನ ಕಂಬ ನಿಲ್ಲಿಸಿದರು. ಕೆಟ್ಟ ಗಾಡಿಯ ಭಾರವನ್ನೆಲ್ಲ ಹೊರುವುದು ಆ ಕಂಬ. ಅದರ ಬುಡದ ಆರು ಬೋಲ್ಟುಗಳು ತಗಡಿನ ಹಾಸನ್ನು ದಾಟಿ ಚಾಸಿಯ ಉಕ್ಕಿನೊಳಕ್ಕೆ ಇಳಿಯಬೇಕು. ಬರೀ ತಗಡಿಗೆ ಬಿಗಿದರೆ ಮೊದಲನೆಯ ಎಳೆತಕ್ಕೇ ತಗಡು ಹರಿದು ಕಂಬ ರಸ್ತೆಗೆ ಬೀಳುತ್ತದೆ. ಮುನಿಕೃಷ್ಣಪ್ಪ ಹಿಂದಿನ ವಾರವೇ ಅಳತೆ ಹಿಡಿದು, ಚಾಸಿಯ ಮೇಲೆ ಆರು ಕಡೆ ಪಂಚಿನಿಂದ ಚುಕ್ಕೆ ಹೊಡೆದಿದ್ದ. ತೂತು ಕೊರೆದು ಬಿಗಿಯುವುದು ಜಗನ್‌ನ ಪಾಲು. ಜಗನ್ ಹಿಂಬದಿಯಲ್ಲಿ ಕೆಲಸ ಮಾಡುತ್ತಿದ್ದಾಗ ಇವನು ಕ್ಯಾಬಿನ್ನಿನಲ್ಲಿ ಕೂತು ಸ್ಟೀರಿಂಗನ್ನು ಒಂದೇ ಬೆರಳಲ್ಲಿ ತಿರುಗಿಸಿ ನೋಡಿ, ಇಷ್ಟು ಹಗುರ ಇದ್ದರೆ ನಿದ್ದೆ ಬಂದೀತಲ್ಲ ಎಂದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ತಗಡಿನ ಮೇಲೆ ಎರಡು ಸಲ ತಟ್ಟಿದ ಸದ್ದು ಬಂತು. ಧಬ್, ಧಬ್.

ಎಳೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹಿಂದೆ ಕೊಕ್ಕೆ ಕಟ್ಟುತ್ತಾನೆ, ಇನ್ನೊಬ್ಬ ಮುಂದೆ ಸ್ಟೀರಿಂಗ್ ಹಿಡಿಯುತ್ತಾನೆ. ಕಟ್ಟಿ ಮುಗಿದ ಮೇಲೆ ಹಿಂದಿನವನು ಗಾಡಿಯ ಮೈಗೆ ಎರಡು ಸಲ ತಟ್ಟುತ್ತಾನೆ: ಕಟ್ಟಿದ್ದೇನೆ, ಹೊರಡು. ಮುಂದಿನವನು ಇಳಿದು ಹೋಗಿ ಗಂಟು ನೋಡುವಂತಿಲ್ಲ; ನೋಡಿದರೆ ಕಟ್ಟಿದವನಿಗೆ ಅವಮಾನ. ಇಪ್ಪತ್ತೆರಡು ವರ್ಷ ಜಗನ್ ಕಟ್ಟಿ ತಟ್ಟಿದ, ಮುನಿಕೃಷ್ಣಪ್ಪ ಹೊರಟ. ಕೆ.ಆರ್. ಪುರದ ತೂಗುಸೇತುವೆಯ ಏರಿನಲ್ಲಿ, ಖಾಲಿ ಬಸ್ಸೊಂದನ್ನು ಬೆನ್ನಿಗೆ ಹಾಕಿಕೊಂಡು, ಅದರ ಹಿಂದೆ ಇನ್ನೂರು ಗಾಡಿಗಳ ಸಾಲು ಹಾರ್ನು ಹೊಡೆಯುತ್ತಿರುವಾಗಲೂ ಅವನು ಒಂದು ಸಲವೂ ಇಳಿದು ನೋಡಿದವನಲ್ಲ. ಅವತ್ತು ಗ್ಯಾರೇಜಿನಲ್ಲಿಯೂ ಇಳಿಯಲಿಲ್ಲ.

ಎಂಟು ದಿನ ಬಿಟ್ಟು, ಒಂದು ಬುಧವಾರ ಬೆಳಗ್ಗೆ, ಮುನಿಕೃಷ್ಣಪ್ಪ ಮನೆಯಲ್ಲಿ ಎಣ್ಣೆ ಹಚ್ಚಿಟ್ಟಿದ್ದ ಕೊಕ್ಕೆಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದ. ಶಿವಾಜಿನಗರದ ಗುಜರಿಯಲ್ಲಿ ಮೂವತ್ತು ವರ್ಷದ ಹಿಂದೆ ರೈಲಿನ ಕಬ್ಬಿಣ ಹುಡುಕಿ ಮಾಡಿಸಿದ ಕೊಕ್ಕೆ ಅದು. ಮೆಟ್ರೊದ ಸೆಕ್ಯೂರಿಟಿಯವನು ಇದೇನೆಂದು ಕೇಳಿದಾಗ, ನಾಳೆಯಿಂದ ಮತ್ತೆ ಎಳೆಯುತ್ತೇನೆ, ಇದು ಅದಕ್ಕೆ ಎಂದು ಹತ್ತು ನಿಮಿಷ ವಿವರಿಸಿ, ಹಿಂದೆ ಸಾಲು ಬೆಳೆಸಿದ್ದ. ಗ್ಯಾರೇಜಿನಲ್ಲಿ ಜಗನ್ ಇರಲಿಲ್ಲ, ಹೆಡ್‌ಲೈಟಿನ ಬಳೆ ತರಲು ಶಿವಾಜಿನಗರಕ್ಕೆ ಹೋಗಿದ್ದ. ಇನಾಯತ್ ಮೂಲೆಯಲ್ಲಿ ಯಾವುದೋ ಗೇಟಿಗೆ ಬೆಸುಗೆ ಹಾಕುತ್ತಿದ್ದ.

ಮುನಿಕೃಷ್ಣಪ್ಪ ಕೊಕ್ಕೆಯನ್ನು ಕಂಬದ ತಂತಿಹಗ್ಗಕ್ಕೆ ಸಿಕ್ಕಿಸುವಾಗ ಪಿನ್ನು ಕೈ ಜಾರಿ ಗಾಡಿಯ ಕೆಳಕ್ಕೆ ಉರುಳಿತು. ಅದನ್ನು ಹುಡುಕಿಕೊಂಡು ಹಿಂದಿನಿಂದ ಒಳಗೆ ತೆವಳಿದ. ಪಿನ್ನು ಸಿಕ್ಕಿತು. ಹೊರಗೆ ಬರುವ ಮುನ್ನ, ಸುಮ್ಮನೆ, ತಲೆ ಎತ್ತಿ ನೋಡಿದ.

ಹಾಸಿನ ತಗಡಿನ ಅಡಿಯಲ್ಲಿ ನಾಲ್ಕು ಬೋಲ್ಟು. ಮಂಚದ ಕಾಲಿಗೆ ಹಾಕುತ್ತಾರಲ್ಲ, ಅಂಥ ಕಿರುಬೆರಳು ಗಾತ್ರದವು. ಚಾಸಿಯ ಎರಡು ಕಬ್ಬಿಣಗಳು ಎಡಬಲದಲ್ಲಿ ಒಂದು ತೂತೂ ಇಲ್ಲದೆ, ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಜಗನ್ ಮರೆತನೇ ಎಂದು ಮೊದಲು ಅನ್ನಿಸಿತು. ಕೈ ಚಾಚಿ ಸವರಿದ. ತಾನು ಹೊಡೆದಿದ್ದ ಆರು ಚುಕ್ಕೆಗಳು ಬಣ್ಣದ ಅಡಿಯಲ್ಲಿ ಬೆರಳಿಗೆ ಸಿಕ್ಕವು. ಮರೆತವನು ಮರೆತ ಜಾಗಕ್ಕೆ ಇಷ್ಟು ನಯವಾಗಿ ಬಣ್ಣ ಬಳಿಯುವುದಿಲ್ಲ. ಮುನಿಕೃಷ್ಣಪ್ಪ ಪಿನ್ನನ್ನು ಎದೆಯ ಮೇಲಿಟ್ಟುಕೊಂಡು ಅಲ್ಲೇ ಮಲಗಿದ್ದ. ಎಷ್ಟು ಹೊತ್ತೋ ಗೊತ್ತಿಲ್ಲ, ಇನಾಯತ್ ಬಂದು ಬಗ್ಗಿ ನೋಡುವವರೆಗೆ.

"ಅಣ್ಣಾ, ಏನಾಯ್ತು? ಎದೆ ನೋವಾ?"

"ಇನಾಯತ್, ಇದು ಎಳೆಯೋ ಗಾಡೀನಾ?"

ಇನಾಯತ್ ಕಣ್ಣಿನ ಕಪ್ಪು ಕನ್ನಡಕವನ್ನು ಹಣೆಗೇರಿಸಿದ. "ಮೈ ಬೋಲ್ಯಾ ಥಾ ಜಗನ್ ಕು, ನಾನು ಹೇಳಿದ್ದೆ. ಅಣ್ಣಂಗೆ ಹೇಳ್ಬಿಡು, ಪಾಪ ಹತ್ಕೊಳುತ್ತೆ ಅಂತ ಎರಡು ಸಲ ಹೇಳ್ದೆ."

"ಏನು ಹೇಳ್ಬೇಕಾಗಿತ್ತು?"

"ಇಂದಿರಾನಗರದಲ್ಲಿ ಹಂಡ್ರೆಡ್ ಫೀಟ್ ರೋಡಲ್ಲಿ ಒಂದು ಹೋಟ್ಲು ಓಪನ್ ಆಗ್ತಿದೆ. ಕೇದಾರ್ ಅಂತ ಓನರು. ಅವರ ಬಾಗ್ಲಲ್ಲಿ ನಿಲ್ಸಕ್ಕೆ ಅಣ್ಣಾ ಇದು. ಜನ ಫೋಟೊ ತಕ್ಕೊಳ್ಳಕ್ಕೆ."

"ಓಡೋದು?"

"ಓಡುತ್ತೆ. ಭಾನುವಾರ ಭಾನುವಾರ ಒಂದು ರೌಂಡು ಹೊಡೀತಾರಂತೆ. ಎಳೆಯಲ್ಲ, ಅಷ್ಟೆ."

ಜಗನ್ ಬಂದಾಗ ಹನ್ನೊಂದೂವರೆ. ಕೈಯಲ್ಲಿ ಹೊಳೆಯುವ ಎರಡು ಬಳೆ. ಹಾಸಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮುನಿಕೃಷ್ಣಪ್ಪನ ಮುಖ ನೋಡಿದವನೇ, ಇನಾಯತ್‌ನ ಕಡೆ ತಿರುಗಿ, ಬಳೆಗಳನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಸುಳ್ಳು ಹೇಳಲು ಹೋಗಲಿಲ್ಲ. ಅಷ್ಟರ ಮಟ್ಟಿಗೆ ಅವನು ಇನ್ನೂ ಹಳೆಯ ಜಗನ್ನೇ.

"ನಾನೇ ಹೇಳ್ಬೇಕು ಅಂತಿದ್ದೆ ಅಣ್ಣಾ. ದಿನಾ ಅನ್ಕೊಂತಿದ್ದೆ. ನೀನು ಬೆಳಗ್ಗೆ ಬಂದು ಆ ಮುಖ ಮಾಡ್ಕೊಂಡು ನಿಲ್ತಿದ್ಯಲ್ಲ, ಬಾಯೇ ಬರ್ತಿರ್ಲಿಲ್ಲ."

ಮುನಿಕೃಷ್ಣಪ್ಪ ಕೈಯಲ್ಲಿದ್ದ ಪಿನ್ನನ್ನು ಬೆರಳಲ್ಲಿ ಉರುಳಿಸುತ್ತಿದ್ದ.

"ಈಗ ಕೊಕ್ಕೆ ಹಾಕಿ ಯಾರು ಎಳೆಸ್ತಾರೆ ಹೇಳು. ಈಗಿನ ಕಾರುಗಳು ಹಂಗೆ ಎಳೆದ್ರೆ ಗೇರ್‌ಬಾಕ್ಸೇ ಹೋಗ್ತದೆ, ಬಂಪರ್ ಕೈಗೆ ಬರ್ತದೆ. ಎಲ್ಲಾ ಕಾರನ್ನೇ ಮೇಲೆ ಹೊತ್ಕೊಂಡ್ ಹೋಗೋ ಫ್ಲಾಟ್‌ಬೆಡ್ಡು, ಫೋನಲ್ಲಿ ಒತ್ತಿದ್ರೆ ಬರ್ತದೆ. ನಿನ್ನ ಗಾಡೀನ ಯಾರೂ ಕರೆಯಲ್ಲ ಅಣ್ಣಾ. ಅಲ್ಲಾದ್ರೆ ನಿನ್ ಹೆಸರು ಇರುತ್ತೆ. ಓಪನಿಂಗ್ ದಿನ ನಿನಗೇ ಹಾರ ಹಾಕ್ತೀವಿ ಅಂದವ್ರೆ. ಗುಜರಿಗೆ ಹೋಗಿದ್ರೆ ಏನು ಉಳೀತಿತ್ತು?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದರಿಂದಲೇ ಮುನಿಕೃಷ್ಣಪ್ಪನಿಗೆ ಹೆಚ್ಚು ಸಂಕಟವಾದದ್ದು. ನಾಲ್ಕು ತಿಂಗಳ ಹಿಂದೆ ಹಲಸೂರಿನ ಮನೆಯ ಮುಂದೆ, ಆ ಕುರ್ಚಿಯ ಪಕ್ಕದಲ್ಲಿ ನಿಂತು ಇದನ್ನೇ ಹೇಳಿದ್ದರೆ ಬೈದು ಕಳಿಸುತ್ತಿದ್ದ, ಎರಡು ದಿನ ಊಟ ಬಿಡುತ್ತಿದ್ದ, ಮೂರನೆಯ ದಿನ ಬಹುಶಃ ಒಪ್ಪಿಯೂ ಒಪ್ಪುತ್ತಿದ್ದ.

"ಅವತ್ತು ನೀನು ಎರಡು ಸಲ ತಟ್ಟಿದೆ," ಅಂದ ಮುನಿಕೃಷ್ಣಪ್ಪ.

ಜಗನ್ ನೆಲ ನೋಡಿದ.

"ಹೋಟ್ಲಿಗೆ ಕೊಡು. ಗುಜರಿಗೆ ಕೊಡು. ನಾನು ಕತ್ತರಿಸಿ ಕೊಟ್ಟಿದ್ದೀನಿ, ನಿಂದೇ ಗಾಡಿ. ಆದ್ರೆ ಬಿಗಿದೇ ಇಲ್ದಿದ್ದಕ್ಕೆ ಯಾಕೆ ತಟ್ಟಿದೆ ಜಗ್ಗ? ನಾನು ಕೇಳಿರ್ಲಿಲ್ವಲ್ಲ. ಸುಮ್ನೆ ಇರ್ಬೋದಾಗಿತ್ತು."

"ಕೈ... ಅಭ್ಯಾಸ ಅಣ್ಣಾ," ಅಂದ ಜಗನ್. ಆಮೇಲೆ ತಡೆಯಲಾರದೆ, "ನಿನ್ ಮಗಳು ದಿವ್ಯಾನ ಕೇಳೇ ಮಾಡಿದ್ದು ಇದನ್ನ," ಎಂದೂ ಸೇರಿಸಿದ.

ಮುನಿಕೃಷ್ಣಪ್ಪ ಹಾಸಿನಿಂದ ಇಳಿದು, ಪಿನ್ನನ್ನೂ ಕೊಕ್ಕೆಯನ್ನೂ ಗೋಣಿಚೀಲಕ್ಕೆ ಹಾಕಿಕೊಂಡ.

"ಅದು ಇರ್ಲಿ ಅಣ್ಣಾ. ಕೇದಾರ್ ಸರ್ ಕೊಕ್ಕೆ ಕೇಳ್ತಾರೆ."

"ಇದು ಎಳೆಯೋಕೆ ಮಾಡ್ಸಿದ್ದು," ಎಂದು ಹೇಳಿ ಅವನು ಶೆಡ್ಡಿನಿಂದ ಹೊರಬಿದ್ದ.

ದಿವ್ಯ ಅವನ ಒಬ್ಬಳೇ ಮಗಳು. ಇಂದಿರಾನಗರದಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಸಂಜೆ ಅವಳು ಮನೆಗೆ ಬಂದಾಗ ಕೊಕ್ಕೆ ಊಟದ ಮೇಜಿನ ಮೇಲಿತ್ತು. ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ಚಪ್ಪಲಿ ಬಿಡದೆ ಹಾಗೇ ಬಾಗಿಲಲ್ಲಿ ನಿಂತಳು.

"ನಿಂಗೂ ಗೊತ್ತಿತ್ತು," ಅಂದ ಅವನು.

"ಗೊತ್ತಿತ್ತು."

"ದಿನಾ ಬುತ್ತಿ ಕಟ್ಟಿ ಕಳಿಸ್ತಿದ್ದೆ. 'ಎಲ್ಲೀತನಕ ಬಂತಪ್ಪಾ ಗಾಡಿ' ಅಂತ ಕೇಳ್ತಿದ್ದೆ."

ದಿವ್ಯ ಬಂದು ಎದುರಿಗೆ ಕೂತಳು. "ಎರಡು ವರ್ಷದ ಹಿಂದೆ ಟಿನ್ ಫ್ಯಾಕ್ಟರಿ ಹತ್ರ ಬ್ರೇಕ್ ಹೋಗಿ ಡಿವೈಡರ್ ಹತ್ತಿಸಿದ್ರಲ್ಲ ನೀವು. ಆಸ್ಪತ್ರೇಲಿ ಸೈನ್ ಹಾಕಿದ್ದು ನಾನು. ಮತ್ತೆ ರೋಡಿಗೆ ಬಿಡಕ್ಕೆ ನನ್ ಕೈಲಿ ಆಗಲ್ಲ. ಆ ಕುರ್ಚೀಲಿ ಕೂತ್ಕೊಂಡು ಒಣಗ್ತಾ ಇರೋದು ನೋಡೋಕೂ ಆಗ್ಲಿಲ್ಲ. ಗಾಡಿ ಮೇಲಿರೋದಕ್ಕಿಂತ ಗಾಡಿ ಕೆಳಗೆ ಕೆಲಸ ಮಾಡ್ಕೊಂಡಿರ್ಲಿ ಅನ್ನಿಸ್ತು. ನಾಲ್ಕು ತಿಂಗ್ಳು ನೀವು ಚೆನ್ನಾಗಿ ನಿದ್ದೆ ಮಾಡಿದ್ರಿ ಅಪ್ಪಾ."

ಅದೂ ನಿಜ. ಅವನು ಚೆನ್ನಾಗಿ ನಿದ್ದೆ ಮಾಡಿದ್ದ. ನಿದ್ದೆ ಮಾಡಿದವನನ್ನು ನೋಡಿ ಎಲ್ಲರೂ ಸಮಾಧಾನಪಟ್ಟಿದ್ದರು. ಮಗಳ ಮೇಲೆ ಕೂಗಾಡಲು ಬಾಯಿ ತೆರೆದ. ಬಂದದ್ದು ಮಾತ್ರ ಬೇರೆ. "ನಾನೇನು ಮಗೂನೇನಮ್ಮ," ಅಂದ. ದಿವ್ಯ ಅತ್ತಳು. ಅವನು ಎದ್ದು ಹೋಗಿ ಅನ್ನಕ್ಕಿಟ್ಟ. ಅವತ್ತಿನಿಂದ ಇಬ್ಬರೂ ಬೇಕಾದಷ್ಟೇ ಮಾತಾಡಿದರು.

ಹೋಟೆಲಿನ ಓಪನಿಂಗಿಗೆ ಜಗನ್ ಕಾರು ಕಳಿಸಿದ. ಕಾರು ಖಾಲಿ ವಾಪಸು ಹೋಯಿತು. ಆಮೇಲೆ ಎರಡು ಸಲ ಫೋನು ಮಾಡಿದ, ಮುನಿಕೃಷ್ಣಪ್ಪ ಎತ್ತಲಿಲ್ಲ. ಇಂದಿರಾನಗರದ ಕಡೆ ಹೋಗಬೇಕಾಗಿ ಬಂದರೂ ಆ ಹೋಟೆಲಿನ ರಸ್ತೆ ತಪ್ಪಿಸಿ, ದೊಮ್ಮಲೂರು ಸುತ್ತಿಕೊಂಡು ಹೋದ.

ಮೂರು ತಿಂಗಳ ಮೇಲೆ, ದಿವ್ಯ ಕನ್ನಡಕ ಮರೆತು ಆಫೀಸಿಗೆ ಹೋದ ದಿನ, ಅದನ್ನು ಕೊಟ್ಟು ವಾಪಸು ಬರುವಾಗ ಅವನ ಕಾಲು ತಾನಾಗಿ ಆ ಕಡೆ ತಿರುಗಿತು. ಮಧ್ಯಾಹ್ನದ ಬಿಸಿಲು. ಹೋಟೆಲಿನ ಮುಂದೆ, ಜಲ್ಲಿ ಹಾಸಿದ ಜಾಗದಲ್ಲಿ ಮೂತಿ ಗಾಡಿ ನಿಂತಿತ್ತು. ತುಕ್ಕಿನ ಮೇಲೆ ಗಾಜಿನಂಥ ಹೊಳಪು. ಹಾಸಿನ ಮೇಲೆ ಎರಡು ಮೇಜು, ನಾಲ್ಕು ಸ್ಟೂಲು. ಕಂಬದಲ್ಲಿ ಕೊಕ್ಕೆ ಇರಬೇಕಾದ ಕಡೆ ಒಂದು ಕುಂಡ ನೇತಾಡುತ್ತಿತ್ತು, ಅದರಿಂದ ಹಸಿರು ಬಳ್ಳಿ ಇಳಿಬಿದ್ದಿತ್ತು. ಮುನಿಕೃಷ್ಣಪ್ಪ ಮೂತಿಯ ಮೇಲೆ ಅಂಗೈ ಇಟ್ಟ. ಬಿಸಿಯಾಗಿತ್ತು, ಆದರೆ ಅದು ಬಿಸಿಲಿನ ಬಿಸಿ.

ಆಗಲೇ ರಸ್ತೆಯಲ್ಲಿ, ನೀರಿನ ಕ್ಯಾನು ತುಂಬಿದ ಟೆಂಪೊ ಒಂದು ಎರಡು ಸಲ ಕೆಮ್ಮಿ ನಿಂತಿತು. ಹಿಂದೆ ಹಾರ್ನುಗಳು ಶುರುವಾದವು. ಟೆಂಪೊದವನು ಇಳಿದು, ತಲೆ ಕೆರೆದುಕೊಂಡು, ಸುತ್ತ ನೋಡಿ, ಲಾರಿಯನ್ನೂ ಅದರ ಮೇಲೆ ಕೈಯಿಟ್ಟು ನಿಂತ ಮುದುಕನನ್ನೂ ಕಂಡು ಓಡಿ ಬಂದ.

"ಯಜಮಾನ್ರೇ, ಗಾಡಿ ನಿಮ್ದಾ? ಚೂರು ಎಳ್ದು ಸೈಡಿಗ್ ಹಾಕ್ಬಿಡ್ತೀರಾ?"

ಮುನಿಕೃಷ್ಣಪ್ಪ ಬಾಗಿಲ ಮೇಲಿನ ಹೆಸರನ್ನು ಓದಿದ. ಮೊದಲ ಸಲ ಓದುವವನ ಹಾಗೆ ಪೂರ್ತಿ, ಫೋನ್ ನಂಬರಿನ ಸಮೇತ ಓದಿದ.

"ನಮ್ದಲ್ಲಪ್ಪಾ," ಅಂದ.

ಅಷ್ಟರಲ್ಲಿ ಮುಂದೆ ಹೋಗುತ್ತಿದ್ದ ಸಾಮಾನು ಸಾಗಿಸುವ ಸಣ್ಣ ಗಾಡಿಯವನೊಬ್ಬ ನಿಲ್ಲಿಸಿ, ಹಿಂದಕ್ಕೆ ಬಂದು, ಕ್ಯಾಬಿನ್ನಿನಿಂದಲೇ ಒಂದು ನೈಲಾನ್ ಹಗ್ಗ ಎಸೆದ. ಟೆಂಪೊದವನು ಅದನ್ನು ಬಂಪರಿಗೆ ಸುತ್ತತೊಡಗಿದ್ದು ನೋಡಿ ಮುನಿಕೃಷ್ಣಪ್ಪನಿಗೆ ನಿಲ್ಲಲಾಗಲಿಲ್ಲ.

"ಅಲ್ಲಲ್ಲ ಕಣಯ್ಯಾ, ಕಿತ್ಕೊಂಡ್ ಬರುತ್ತೆ. ಇಲ್ ಕೊಡು. ನೀನ್ ಹೋಗಿ ಸ್ಟೀರಿಂಗ್ ಹಿಡ್ಕೋ, ಗೇರ್ ನ್ಯೂಟ್ರಲ್ಲಿರ್ಲಿ."

ಅವನು ರಸ್ತೆಯಲ್ಲಿ ಮೊಣಕಾಲೂರಿದ. ಟೆಂಪೊದ ಅಡಿಗೆ ಕೈ ಹಾಕಿ ಚಾಸಿಯಲ್ಲಿನ ಬಳೆಯಂಥ ಕಣ್ಣನ್ನು ಹುಡುಕಿದ, ಹಗ್ಗ ತೂರಿಸಿದ, ಎರಡು ಸುತ್ತು ಹಾಕಿ ಗಂಟು ಕಟ್ಟಿದ. ಮುಂದಿನ ಗಾಡಿಯ ಹಿಂದೆಯೂ ಹಾಗೇ ಮಾಡಿದ. ಎರಡೂ ಗಂಟುಗಳನ್ನು ಮೈಭಾರ ಬಿಟ್ಟು ಎಳೆದು ನೋಡಿದ. ಮೊದಲನೆಯದನ್ನು ಇನ್ನೊಮ್ಮೆ ನೋಡಿದ. ಹಾರ್ನುಗಳು ಹೊಡೆಯುತ್ತಲೇ ಇದ್ದವು. ಆಮೇಲೆ ಎದ್ದು, ಪಕ್ಕಕ್ಕೆ ಸರಿದು, ಮುಂದಿನ ಗಾಡಿಯ ತಗಡಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ.

ಒಳಗಿದ್ದವನು ಅವನನ್ನು ಯಾವತ್ತೂ ಕಂಡವನಲ್ಲ. ಇಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಗೇರು ಹಾಕಿದ. ಹಗ್ಗ ನೆಲ ಬಿಟ್ಟು ಎದ್ದು ಬಿಗಿಯಾಯಿತು. ನೀರಿನ ಟೆಂಪೊ ಮೆಲ್ಲಗೆ ಕದಲಿ, ಅವನ ಮುಂದೆಯೇ ಹಾದು, ದೊಮ್ಮಲೂರಿನ ಕಡೆ ಹೊರಟಿತು.